ಹಸುಗೂಸಿನ ಎಕ್ಸಿಮಾ: ಬಚ್ಚಲುಮನೆಯಿಂದ ಮಲಗುವ ತನಕ ಏನೇನು ಮಾಡಬೇಕು

ಮೂರು ತಿಂಗಳ ಮಗುವಿನ ಕೆನ್ನೆ ಒರಟಾಗಿ, ಸಣ್ಣ ಸಣ್ಣ ಗುಳ್ಳೆ ಎದ್ದರೆ ಮನೆಯಲ್ಲಿ ಮೊದಲು ಬರುವ ಮಾತು 'ನಂಜಾಗಿದೆ'. ಮರುದಿನದಿಂದ ಬಾಣಂತಿಗೆ ಬದನೆಕಾಯಿ ಬಂದ್, ಮೊಟ್ಟೆ ಬಂದ್, ಮೀನು ಬಂದ್, ಕೊನೆಗೆ ಹಾಲು ಮೊಸರೂ ಬಂದ್. ಮಗುವಿಗೆ ಬೇವಿನೆಲೆ ಹಾಕಿದ ಬಿಸಿಬಿಸಿ ನೀರು, ಅರಿಶಿನ, ಕಡಲೆಹಿಟ್ಟು. ಅದರಿಂದಲೂ ಹೋಗದಿದ್ದರೆ ಮೆಡಿಕಲ್ ಶಾಪಿನವರು ಕೊಟ್ಟ ಒಂದು ಟ್ಯೂಬು. ಎರಡೇ ದಿನದಲ್ಲಿ ಕೆನ್ನೆ ನುಣುಪಾಗುತ್ತದೆ. ಹಚ್ಚುವುದು ನಿಲ್ಲಿಸಿದ ವಾರಕ್ಕೆ ಮೊದಲಿಗಿಂತ ಜಾಸ್ತಿ ಆಗಿ ವಾಪಸ್ ಬರುತ್ತದೆ.

ಈ ದಾರಿಯಲ್ಲಿ ಎಷ್ಟೋ ತಾಯಂದಿರು ಅರೆಹೊಟ್ಟೆ ಉಂಡು, ನಿದ್ದೆಗೆಟ್ಟು, 'ನಾನು ತಿಂದದ್ದರಿಂದಲೇ ಹೀಗಾಯಿತು' ಎಂದು ಕೊರಗುತ್ತಾರೆ. ಆ ಕೊರಗು ಬೇಡವೇ ಬೇಡ. ಎಕ್ಸಿಮಾ, ಅಂದರೆ ಇಸುಬು, ರಕ್ತ ಕೆಟ್ಟು ಬರುವುದಲ್ಲ, ಕೊಳಕಿನಿಂದ ಬರುವುದಲ್ಲ, ಒಬ್ಬರಿಂದ ಒಬ್ಬರಿಗೆ ಅಂಟುವುದೂ ಅಲ್ಲ. ಇದು ನೀರು ಹಿಡಿದಿಟ್ಟುಕೊಳ್ಳಲಾಗದ ಚರ್ಮ. ಇಷ್ಟು ಮನಸ್ಸಿಗೆ ಬಂದರೆ ಮುಂದೆ ಮಾಡಬೇಕಾದ ಕೆಲಸಗಳೆಲ್ಲ ತಾನಾಗಿ ಅರ್ಥವಾಗುತ್ತವೆ.

ಚರ್ಮಕ್ಕೆ ಆಗಿರುವುದೇನು

ಚರ್ಮದ ಮೇಲ್ಪದರದಲ್ಲಿ ಜೀವಕೋಶಗಳು ಇಟ್ಟಿಗೆಯಂತೆ ಜೋಡಿಸಿಕೊಂಡಿರುತ್ತವೆ, ನಡುವೆ ಕೊಬ್ಬಿನ ಅಂಶ ಗಾರೆಯಂತೆ ತುಂಬಿರುತ್ತದೆ. ಎಕ್ಸಿಮಾ ಇರುವ ಮಗುವಿನಲ್ಲಿ ಈ ಗಾರೆ ಸಡಿಲ. ಒಳಗಿನ ನೀರು ಆರಿಹೋಗುತ್ತದೆ. ಹೊರಗಿನ ಸೋಪು, ದೂಳು, ಜೊಲ್ಲು, ಬ್ಯಾಕ್ಟೀರಿಯಾ ಒಳಗೆ ಇಳಿಯುತ್ತವೆ. ದೇಹ ಅದರ ಜತೆ ಜಗಳಕ್ಕೆ ನಿಲ್ಲುತ್ತದೆ. ಉರಿ, ತುರಿಕೆ ಶುರು. ಮಗು ಕೆರೆದಷ್ಟೂ ಚರ್ಮ ಇನ್ನಷ್ಟು ಒಡೆಯುತ್ತದೆ. ಮೇಲ್ಪದರವನ್ನು ಗಟ್ಟಿ ಮಾಡುವ ಫಿಲಾಗ್ರಿನ್ ಎಂಬ ಪ್ರೋಟೀನಿನ ಜೀನ್‌ನಲ್ಲಿ ದೋಷವಿದ್ದರೆ ಎಕ್ಸಿಮಾ ಬರುವ ಸಾಧ್ಯತೆ ಜಾಸ್ತಿ ಎಂದು 2006ರಲ್ಲಿ ಸ್ಕಾಟ್ಲೆಂಡಿನ ಡಂಡೀ ವಿಶ್ವವಿದ್ಯಾಲಯದ ವಿಜ್ಞಾನಿಗಳ ತಂಡ ತೋರಿಸಿತು. ಅಪ್ಪ ಅಮ್ಮನಿಗೆ ಉಬ್ಬಸ, ಮೂಗಿನ ಅಲರ್ಜಿ, ಚಿಕ್ಕಂದಿನಲ್ಲಿ ಇಸುಬು ಇದ್ದ ಮನೆಗಳಲ್ಲಿ ಇದು ಹೆಚ್ಚಾಗಿ ಕಾಣುವುದು ಅದಕ್ಕೇ.

ಮೊದಲು ಗುರುತಿಸಿ

ಒಂದು ವರ್ಷದೊಳಗಿನ ಮಕ್ಕಳಲ್ಲಿ ಎಕ್ಸಿಮಾ ಸಾಮಾನ್ಯವಾಗಿ ಕೆನ್ನೆ, ಹಣೆ, ತಲೆ, ಮತ್ತು ಕೈಕಾಲಿನ ಹೊರಭಾಗದಲ್ಲಿ ಕಾಣಿಸಿಕೊಳ್ಳುತ್ತದೆ. ಡೈಪರ್ ಕಟ್ಟುವ ಜಾಗ ಹೆಚ್ಚಾಗಿ ಚೆನ್ನಾಗಿಯೇ ಇರುತ್ತದೆ, ಏಕೆಂದರೆ ಅಲ್ಲಿ ಸದಾ ತೇವ. ನಡೆಯುವ ವಯಸ್ಸಿಗೆ ಬಂದಮೇಲೆ ಮೊಣಕೈ, ಮಂಡಿಯ ಒಳಮಡಿಕೆಗಳಿಗೆ ಜಾಗ ಬದಲಿಸುತ್ತದೆ. ತುರಿಕೆ ಇದ್ದೇ ಇರುತ್ತದೆ. ಕೆರೆದುಕೊಳ್ಳಲು ಬಾರದ ಕೂಸು ಹಾಸಿಗೆಗೆ, ಎತ್ತಿಕೊಂಡವರ ಭುಜಕ್ಕೆ ಕೆನ್ನೆ ಉಜ್ಜುತ್ತದೆ, ರಾತ್ರಿ ಹೊರಳಾಡಿ ಅಳುತ್ತದೆ.

ನೆಟ್ಟಿನಲ್ಲಿ ಸಿಗುವ ಚಿತ್ರಗಳೆಲ್ಲ ಬಿಳಿ ಮೈಬಣ್ಣದ ಮಕ್ಕಳದ್ದು. ಅಲ್ಲಿ ಎಲ್ಲವೂ ಕೆಂಪಗೆ ಕಾಣುತ್ತದೆ. ನಮ್ಮ ಮಕ್ಕಳ ಗೋಧಿ ಬಣ್ಣದ, ಎಣ್ಣೆಗಪ್ಪು ಬಣ್ಣದ ಮೈಯಲ್ಲಿ ಕೆಂಪು ಅಷ್ಟಾಗಿ ಕಾಣುವುದೇ ಇಲ್ಲ. ಕಂದು, ಬೂದು ಅಥವಾ ನೇರಳೆ ಛಾಯೆಯ ಮಚ್ಚೆ, ಕೋಳಿಚರ್ಮದಂಥ ಸಣ್ಣ ಬೊಕ್ಕೆಗಳು ಕಾಣಬಹುದು. ಆದ್ದರಿಂದ ಕಣ್ಣಿಗಿಂತ ಬೆರಳನ್ನು ನಂಬಿ. ಸವರಿದಾಗ ಸುತ್ತಲಿನ ಚರ್ಮಕ್ಕಿಂತ ಬಿಸಿ ಮತ್ತು ಒರಟು ಅನಿಸಿದರೆ ಅಲ್ಲಿ ಉರಿಯೂತ ಇದೆ ಎಂದೇ ಲೆಕ್ಕ.

ಎಲ್ಲ ಗುಳ್ಳೆಯೂ ಎಕ್ಸಿಮಾ ಅಲ್ಲ. ಬೇಸಿಗೆಯಲ್ಲಿ ಕುತ್ತಿಗೆ, ಬೆನ್ನಿನ ಮೇಲೆ ಏಳುವುದು ಬೆವರುಗುಳ್ಳೆ ಇರಬಹುದು. ನೆತ್ತಿಯ ಮೇಲೆ ಹಳದಿ ಜಿಡ್ಡಿನ ಹೊಟ್ಟು ಕಟ್ಟಿ, ತುರಿಕೆ ಇಲ್ಲದಿದ್ದರೆ ಅದೂ ಬೇರೆ. ಬಹಳ ಮುಖ್ಯವಾಗಿ ತುರಿಕಜ್ಜಿ: ಮನೆಯಲ್ಲಿ ಇನ್ನೂ ಯಾರಿಗಾದರೂ ರಾತ್ರಿ ಹೊತ್ತು ತುರಿಕೆ ಇದೆಯಾ, ಮಗುವಿನ ಅಂಗೈ ಅಂಗಾಲಿನಲ್ಲಿ ಗುಳ್ಳೆ ಇದೆಯಾ ನೋಡಿ. ಹೌದಾದರೆ ಚಿಕಿತ್ಸೆ ಪೂರ್ತಿ ಬೇರೆ, ಮನೆಮಂದಿಗೆಲ್ಲ ಒಟ್ಟಿಗೇ ಆಗಬೇಕು. ಹಾಗಾಗಿ ಒಮ್ಮೆ ಮಕ್ಕಳ ಡಾಕ್ಟರಿಗೋ ಚರ್ಮದ ಡಾಕ್ಟರಿಗೋ ತೋರಿಸಿ ಖಚಿತ ಮಾಡಿಕೊಳ್ಳಿ. ಜಿಲ್ಲಾ ಆಸ್ಪತ್ರೆಯ ಚರ್ಮರೋಗ ವಿಭಾಗವೂ ಆಗುತ್ತದೆ.

ಹೆಜ್ಜೆ 1: ಸ್ನಾನವನ್ನು ಸ್ವಲ್ಪ ಬದಲಿಸಿ

ಅಜ್ಜಿ ಬಚ್ಚಲಲ್ಲಿ ಕಾಲು ಚಾಚಿ ಕೂತು, ಕಾಲ ಮೇಲೆ ಕೂಸನ್ನು ಮಲಗಿಸಿಕೊಂಡು, ಎಣ್ಣೆ ತಿಕ್ಕಿ, ಹಂಡೆಯ ನೀರು ಹೊಯ್ಯುವುದು ನಮ್ಮಲ್ಲಿ ದೊಡ್ಡ ಪ್ರೀತಿಯ ಕೆಲಸ. ಅದನ್ನು ನಿಲ್ಲಿಸಿ ಎಂದು ಯಾರೂ ಹೇಳಬೇಕಾಗಿಲ್ಲ. ಬದಲಿಸಬೇಕಾದ್ದು ನೀರಿನ ಬಿಸಿ, ತಿಕ್ಕುವ ಜೋರು, ಹಚ್ಚುವ ಹಿಟ್ಟು, ಮತ್ತು ಕೊನೆಯ ಹೊಗೆ. 'ಅಜ್ಜಿ, ಸ್ನಾನ ನೀವೇ ಮಾಡಿಸಿ, ಡಾಕ್ಟರು ನೀರು ಮಾತ್ರ ಉಗುರು ಬೆಚ್ಚಗಿರಲಿ ಅಂದಿದ್ದಾರೆ' ಎಂದು ಹೇಳಿ ನೋಡಿ. ಕೆಲಸ ಅವರ ಕೈಯಲ್ಲೇ ಉಳಿದರೆ ಮಾತು ಸಲೀಸಾಗಿ ನಡೆಯುತ್ತದೆ.

ನೀರನ್ನು ಮುಂಗೈಗೆ ಹಾಕಿಕೊಂಡು ನೋಡಿ. ಬಿಸಿ ಅನಿಸಿದರೆ ಮಗುವಿಗೆ ಅದು ಜಾಸ್ತಿ. ಬಿಸಿನೀರು ಚರ್ಮದ ಕೊಬ್ಬನ್ನು ಕರಗಿಸಿ ತೆಗೆಯುತ್ತದೆ, ತುರಿಕೆಯನ್ನೂ ಎಬ್ಬಿಸುತ್ತದೆ. 5ರಿಂದ 10 ನಿಮಿಷದಲ್ಲಿ ಸ್ನಾನ ಮುಗಿಯಲಿ. ದಿನಕ್ಕೊಮ್ಮೆ ಸ್ನಾನ ಮಾಡಿಸಿದರೆ ತೊಂದರೆ ಇಲ್ಲ; ಆಮೇಲೆ ಮಾಯಿಶ್ಚರೈಸರ್ ಹಚ್ಚದೆ ಬಿಟ್ಟರೆ ಮಾತ್ರ ತೊಂದರೆ.

ಸೋಪು ಬೇಕಾದರೆ ವಾಸನೆ ಇಲ್ಲದ, ನೊರೆ ಕಡಿಮೆ ಬರುವ ಮೃದು ಕ್ಲೆನ್ಸರ್, ಅದೂ ಕಂಕುಳು, ಕುತ್ತಿಗೆ ಮಡಿಕೆ, ಡೈಪರ್ ಜಾಗಕ್ಕೆ ಮಾತ್ರ. ಸೀಗೆಪುಡಿ ಬೇಡ. ಕಡಲೆಹಿಟ್ಟು, ಹೆಸರುಹಿಟ್ಟು, ಹಾಲಿನ ಕೆನೆ, ಬಾದಾಮಿ ಅರೆದದ್ದು ಯಾವುದೂ ಬೇಡ. ಹಿಟ್ಟು ತರಿತರಿಯಾಗಿ ಉಜ್ಜಿ ಗೀರುತ್ತದೆ ಎಂಬುದು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಒಡೆದ ಚರ್ಮದ ಮೂಲಕ ಆಹಾರದ ಪ್ರೋಟೀನ್ ಒಳಗೆ ಹೋದರೆ ದೇಹ ಅದನ್ನು ಶತ್ರು ಎಂದು ಕಲಿತುಕೊಳ್ಳಬಹುದು; ಮುಂದೆ ಅದೇ ಪದಾರ್ಥ ತಿಂದಾಗ ಅಲರ್ಜಿ. ಜಪಾನಿನಲ್ಲಿ ಗೋಧಿ ಪ್ರೋಟೀನ್ ಸೇರಿಸಿದ್ದ ಮುಖದ ಸೋಪೊಂದನ್ನು ಬಳಸಿದವರಲ್ಲಿ 2 ಸಾವಿರಕ್ಕೂ ಹೆಚ್ಚು ಜನರಿಗೆ ಗೋಧಿ ಅಲರ್ಜಿ ಆಯಿತು. ಅವರು ದೊಡ್ಡವರು. ಹಸುಗೂಸಿನ ಒಡೆದ ಚರ್ಮದ ವಿಷಯದಲ್ಲಿ ಇನ್ನೂ ಹುಷಾರಾಗಿರಬೇಕು ಅಲ್ವಾ?

ಬೇವಿನ ನೀರು, ಅರಿಶಿನ ಕೆಲವು ಮಕ್ಕಳಿಗೆ ಉರಿ ತರುತ್ತವೆ. ಒಡೆದ ಜಾಗಕ್ಕಂತೂ ಹಾಕಬೇಡಿ. ಸ್ನಾನದ ನೀರಿಗೆ ಸುರಿಯುವ ದುಬಾರಿ ಬಾತ್ ಆಯಿಲ್‌ಗಳೂ ಬೇಕಿಲ್ಲ. 2018ರಲ್ಲಿ ಪ್ರಕಟವಾದ ಬ್ರಿಟನ್ನಿನ ದೊಡ್ಡ ಅಧ್ಯಯನವೊಂದರಲ್ಲಿ ಅವುಗಳಿಂದ ಹೇಳಿಕೊಳ್ಳುವಂಥ ಹೆಚ್ಚಿನ ಲಾಭ ಕಂಡುಬರಲಿಲ್ಲ. ಆ ದುಡ್ಡನ್ನು ಮಾಯಿಶ್ಚರೈಸರ್‌ಗೆ ಹಾಕಿ. ಬೋರ್‌ವೆಲ್ಲಿನ ಗಡಸು ನೀರಿನ ಬಗ್ಗೆಯೂ ಬೆಂಗಳೂರಿನ ಅಪ್ಪ ಅಮ್ಮಂದಿರಿಗೆ ಚಿಂತೆ ಜಾಸ್ತಿ. ಗಡಸು ನೀರಿರುವ ಕಡೆ ಎಕ್ಸಿಮಾ ಹೆಚ್ಚು ಎಂಬುದು ನಿಜ. ಆದರೆ ನೀರು ಮೆದುಮಾಡುವ ಯಂತ್ರ ಹಾಕಿಸಿ ನೋಡಿದ ಬ್ರಿಟನ್ನಿನ ಪ್ರಯೋಗದಲ್ಲಿ ಮಕ್ಕಳ ಎಕ್ಸಿಮಾ ಅದರಿಂದ ಹೆಚ್ಚು ಸುಧಾರಿಸಲಿಲ್ಲ. ಸಾವಿರಾರು ರೂಪಾಯಿ ಅದಕ್ಕೆ ಸುರಿಯುವುದು ಬೇಡ.

ಸಾಂಬ್ರಾಣಿ ಹೊಗೆ ನಿಲ್ಲಿಸಿಬಿಡಿ. ಚರ್ಮಕ್ಕೂ ಆಗದು, ಎಳೆಯ ಶ್ವಾಸಕೋಶಕ್ಕೂ ಆಗದು. ಪೆಟ್ರೋಲಿಯಂ ಜೆಲ್ಲಿಯಂಥ, ಪ್ಯಾರಾಫಿನ್ ಇರುವ ಮುಲಾಮು ಅಂಟಿ ಒಣಗಿದ ಬಟ್ಟೆಗೆ ಬೆಂಕಿ ಬೇಗ ಹತ್ತುತ್ತದೆ, ಹಾಗಾಗಿ ಮುಲಾಮು ಹಚ್ಚಿದ ಮಗುವನ್ನು ಕೆಂಡ, ಒಲೆ, ದೀಪದ ಹತ್ತಿರ ಒಯ್ಯಲೇಬೇಡಿ.

ಸ್ನಾನ ಆದಮೇಲೆ ಟವೆಲ್‌ನಲ್ಲಿ ಉಜ್ಜಬೇಡಿ. ಹಳೆಯ ಹತ್ತಿ ಸೀರೆ, ಪಂಚೆಯ ತುಂಡು ಎಲ್ಲಕ್ಕಿಂತ ಒಳ್ಳೆಯದು. ಮೆಲ್ಲಗೆ ಒತ್ತಿ ನೀರು ತೆಗೆಯಿರಿ. ಮೈ ಸ್ವಲ್ಪ ಹಸಿ ಇರಲಿ.

ಹೆಜ್ಜೆ 2: ಮೂರು ನಿಮಿಷದೊಳಗೆ ಮಾಯಿಶ್ಚರೈಸರ್, ಕೈ ತುಂಬ

ಇಡೀ ಆರೈಕೆಯ ಬೆನ್ನೆಲುಬು ಇದೇ. ಡಬ್ಬಿಯ ಮುಚ್ಚಳವನ್ನು ಸ್ನಾನಕ್ಕೆ ಮೊದಲೇ ತೆರೆದಿಟ್ಟುಕೊಳ್ಳಿ. ಹಸಿ ಮೈ ಆರುವ ಮೊದಲು, ಅಂದರೆ ಎರಡು ಮೂರು ನಿಮಿಷದೊಳಗೆ ಹಚ್ಚಿದರೆ ಸ್ನಾನದ ನೀರು ಚರ್ಮದಲ್ಲೇ ಉಳಿಯುತ್ತದೆ.

ಯಾವುದು ಹಚ್ಚಬೇಕು? ಪಂಪಿನಿಂದ ನೀರಾಗಿ ಇಳಿಯುವ ಲೋಷನ್‌ಗಿಂತ ಗಟ್ಟಿ ಕ್ರೀಮು ಮೇಲು, ಕ್ರೀಮಿಗಿಂತ ಮುಲಾಮು ಮೇಲು. ಅಗ್ಗದ ಬಿಳಿ ಪೆಟ್ರೋಲಿಯಂ ಜೆಲ್ಲಿ ಕೂಡ ಚೆನ್ನಾಗಿ ಕೆಲಸ ಮಾಡುತ್ತದೆ. ಸೆರಮೈಡ್ (ಚರ್ಮದ ಗಾರೆಯಲ್ಲೇ ಇರುವ ಕೊಬ್ಬಿನ ಅಂಶ), ಗ್ಲಿಸರಿನ್ ಇರುವ ಕ್ರೀಮುಗಳು ಒಳ್ಳೆಯವು, ಬೆಲೆ ಜಾಸ್ತಿ. ಡಬ್ಬಿಯ ಹಿಂದೆ 'ಫ್ರಾಗ್ರೆನ್ಸ್' ಅಥವಾ 'ಪರ್ಫ್ಯೂಮ್' ಎಂದಿದ್ದರೆ ಬಿಡಿ, ಮುಂದೆ 'ಬೇಬಿ' ಎಂದು ಎಷ್ಟು ದೊಡ್ಡದಾಗಿ ಬರೆದಿದ್ದರೂ ಸರಿ. ಕರಾವಳಿಯ ಸೆಖೆಯಲ್ಲಿ ಗಟ್ಟಿ ಮುಲಾಮು ಬೆವರನ್ನು ಹಿಡಿದಿಟ್ಟು ಗುಳ್ಳೆ ಎಬ್ಬಿಸಬಹುದು, ಅಲ್ಲಿ ಕ್ರೀಮು ಸಾಕು. ಕಲಬುರಗಿ, ರಾಯಚೂರಿನ ಒಣಹವೆಗೆ, ಬೆಂಗಳೂರಿನ ಡಿಸೆಂಬರ್‌ ಜನವರಿಗೆ ಮುಲಾಮೇ ಬೇಕು.

ಎಣ್ಣೆ? ನಮ್ಮ ಕೊಬ್ಬರಿ ಎಣ್ಣೆಯ ಬಗ್ಗೆ ಒಳ್ಳೆಯ ಮಾತೇ ಇದೆ. 2014ರಲ್ಲಿ ಪ್ರಕಟವಾದ ಫಿಲಿಪೀನ್ಸ್‌ನ ಅಧ್ಯಯನದಲ್ಲಿ ಎಕ್ಸಿಮಾ ಇದ್ದ ಮಕ್ಕಳಿಗೆ ಬಿಸಿ ಮಾಡದೆ ತೆಗೆದ ಕೊಬ್ಬರಿ ಎಣ್ಣೆ ಮಿನರಲ್ ಆಯಿಲ್‌ಗಿಂತ ಚೆನ್ನಾಗಿ ಒಗ್ಗಿತು. ಸ್ನಾನಕ್ಕೆ ಮೊದಲು ಹಗುರಾಗಿ ಸವರಲು ಅದು ಸರಿ. ಆದರೆ ದಿನವಿಡೀ ಕಾಯುವ ಕೆಲಸಕ್ಕೆ ಗಟ್ಟಿ ಕ್ರೀಮೇ ಬೇಕು. ಸಾಸಿವೆ ಎಣ್ಣೆ, ಆಲಿವ್ ಎಣ್ಣೆ ಬೇಡ. ಇವು ಚರ್ಮದ ತಡೆಯನ್ನು ಇನ್ನಷ್ಟು ಸಡಿಲ ಮಾಡುತ್ತವೆ.

ಎಷ್ಟು ಹಚ್ಚಬೇಕು ಎಂಬಲ್ಲೇ ಹೆಚ್ಚಿನವರು ಸೋಲುವುದು. ಕುಂಕುಮ ಇಟ್ಟ ಹಾಗೆ ಅಲ್ಲಲ್ಲಿ ಚುಕ್ಕೆ ಇಟ್ಟು ತೀಡಿದರೆ ಉಪಯೋಗವಿಲ್ಲ. ಬ್ರಿಟನ್ನಿನಲ್ಲಿ ಚಿಕಿತ್ಸೆಯ ಮಾರ್ಗಸೂಚಿ ರೂಪಿಸುವ ನೈಸ್ (NICE) ಸಂಸ್ಥೆ ಎಕ್ಸಿಮಾ ಇರುವ ಮಕ್ಕಳಿಗೆ ವಾರಕ್ಕೆ 250ರಿಂದ 500 ಗ್ರಾಂ ಎನ್ನುತ್ತದೆ. ಪುಟ್ಟ ಕೂಸಿಗೆ ಅದಕ್ಕಿಂತ ಕಡಿಮೆ ಸಾಲುತ್ತದೆ. ಆದರೂ 50 ಗ್ರಾಮಿನ ಟ್ಯೂಬು ತಿಂಗಳು ಬಂತು ಎಂದರೆ ನೀವು ಹಚ್ಚುತ್ತಿರುವುದು ತೀರಾ ಕಡಿಮೆ. ದೊಡ್ಡ ಡಬ್ಬಿ ತನ್ನಿ. ಅದಕ್ಕೆ ನೇರವಾಗಿ ಬೆರಳು ಹಾಕಬೇಡಿ, ಶುಚಿಯಾದ ಚಮಚದಲ್ಲಿ ತೆಗೆದುಕೊಳ್ಳಿ. ಎರಡೂ ಅಂಗೈಗೆ ಹರಡಿಕೊಂಡು, ಕೂದಲು ಬೆಳೆಯುವ ದಿಕ್ಕಿನಲ್ಲಿ ಮೇಲಿನಿಂದ ಕೆಳಕ್ಕೆ ಒಂದೇ ಸಲ ಎಳೆಯಿರಿ. ಚರ್ಮ ಮಿರಿಮಿರಿ ಮಿನುಗಬೇಕು. ಗುಂಡಗೆ ತಿರುಗಿಸಿ ತಿಕ್ಕಬೇಡಿ.

ಗುಳ್ಳೆ ಇರುವ ಜಾಗಕ್ಕಷ್ಟೇ ಅಲ್ಲ, ಇಡೀ ಮೈಗೆ ಹಚ್ಚಿ. ದಿನಕ್ಕೆ ಕನಿಷ್ಠ ಎರಡು ಸಲ. ಕೆನ್ನೆಗೆ ಇನ್ನೂ ಹೆಚ್ಚು ಸಲ, ಏಕೆಂದರೆ ಜೊಲ್ಲು, ಹಾಲು, ರಾಗಿ ಸರಿ ಎಲ್ಲ ಅಲ್ಲೇ ಹತ್ತುತ್ತವೆ. ಉಣಿಸುವ ಮೊದಲು ಬಾಯಿಯ ಸುತ್ತ ಪೆಟ್ರೋಲಿಯಂ ಜೆಲ್ಲಿ ಸವರಿಬಿಡಿ. ಉಣಿಸಿದ ಮೇಲೆ ನೀರಲ್ಲಿ ಅದ್ದಿದ ಹತ್ತಿ ಬಟ್ಟೆಯಿಂದ ಒತ್ತಿ ತೆಗೆಯಿರಿ. ವಾಸನೆಯ ವೈಪ್ಸ್ ಬೇಡ.

ಚರ್ಮ ಚೆನ್ನಾದ ಮೇಲೂ ಇದನ್ನು ನಿಲ್ಲಿಸಬಾರದು.

ಹೆಜ್ಜೆ 3: ಸ್ಟೀರಾಯ್ಡ್ ಕ್ರೀಮು, ಹೆದರಿಕೆಯೂ ಬೇಡ, ಸಲಿಗೆಯೂ ಬೇಡ

ಉರಿಯೂತ ಎದ್ದಾಗ ಮಾಯಿಶ್ಚರೈಸರ್ ಒಂದೇ ಸಾಲದು. ಆಗ ಡಾಕ್ಟರು ಸ್ಟೀರಾಯ್ಡ್ ಕ್ರೀಮು ಬರೆಯುತ್ತಾರೆ. 'ಸ್ಟೀರಾಯ್ಡಾ? ಅಯ್ಯೋ ಬೇಡ' ಎಂದು ಟ್ಯೂಬನ್ನು ಹಾಗೇ ಇಟ್ಟುಕೊಂಡು ಮಗು ರಾತ್ರಿಯಿಡೀ ಕೆರೆದು ರಕ್ತ ಬರಿಸಿಕೊಳ್ಳಲು ಬಿಡುವವರೂ ಇದ್ದಾರೆ. ಚರ್ಮ ಹಾಳಾಗುವುದು ಆ ಕೆರೆತದಿಂದ, ಅಲ್ಲಿ ಸೇರುವ ಸೋಂಕಿನಿಂದ. ಡಾಕ್ಟರು ಹೇಳಿದ ಸೌಮ್ಯ ಕ್ರೀಮನ್ನು ಹೇಳಿದಷ್ಟು ದಿನ ಹಚ್ಚಿದರೆ ಚರ್ಮ ತೆಳುವಾಗುವುದಿಲ್ಲ. ಕೂಸಿನ ಮುಖಕ್ಕೆ ಸಾಮಾನ್ಯವಾಗಿ ಬರೆಯುವುದು 1 ಪರ್ಸೆಂಟ್ ಹೈಡ್ರೋಕಾರ್ಟಿಸೋನ್, ಎಲ್ಲಕ್ಕಿಂತ ಸೌಮ್ಯವಾದದ್ದು. ಮೈಗೆ ಬೇಕಾದರೆ ಅದಕ್ಕಿಂತ ಸ್ವಲ್ಪ ಬಲವಾದದ್ದು ಕೊಡಬಹುದು.

ಅಳತೆಗೆ ಬೆರಳೇ ಸಾಕು. ದೊಡ್ಡವರ ತೋರುಬೆರಳಿನ ಕೊನೆಯ ಗಿಣ್ಣಿನ ಗೆರೆಯಿಂದ ತುದಿಯವರೆಗೆ ಟ್ಯೂಬಿನಿಂದ ಒಂದು ಎಳೆ ಹಿಂಡಿ. ಅದು ಸುಮಾರು ಅರ್ಧ ಗ್ರಾಂ. ದೊಡ್ಡವರ ಎರಡು ಅಂಗೈ, ಬೆರಳುಗಳೂ ಸೇರಿ, ಎಷ್ಟು ಅಗಲವೋ ಅಷ್ಟು ಜಾಗಕ್ಕೆ ಅದು ಸಾಕು. 3ರಿಂದ 6 ತಿಂಗಳ ಮಗುವಿಗೆ ಮುಖ ಮತ್ತು ಕುತ್ತಿಗೆಗೆ ಒಂದು ಎಳೆ, ಒಂದು ಕೈಗೆ ಒಂದು, ಒಂದು ಕಾಲಿಗೆ ಒಂದೂವರೆ, ಎದೆ ಹೊಟ್ಟೆಗೆ ಒಂದು, ಬೆನ್ನು ಕುಂಡೆಗೆ ಒಂದೂವರೆ. ಇದು ಆ ಇಡೀ ಭಾಗದಲ್ಲಿ ಎಕ್ಸಿಮಾ ಇದ್ದರೆ. ಸ್ವಲ್ಪ ಜಾಗಕ್ಕೆ ಸ್ವಲ್ಪವೇ.

ಇದನ್ನು ಒರಟು ಜಾಗಕ್ಕೆ ಮಾತ್ರ, ದಿನಕ್ಕೆ ಒಮ್ಮೆ ಅಥವಾ ಡಾಕ್ಟರು ಹೇಳಿದಂತೆ ಹಚ್ಚಿ. ಮಾಯಿಶ್ಚರೈಸರ್‌ಗೂ ಇದಕ್ಕೂ ನಡುವೆ ಕಾಲು ಗಂಟೆಯಾದರೂ ಬಿಡಿ, ಇಲ್ಲದಿದ್ದರೆ ಒಂದಕ್ಕೊಂದು ಬೆರೆತು ಬೇಡದ ಕಡೆಗೂ ಹರಡುತ್ತದೆ. ಡೈಪರ್ ಒಳಗೆ ಡಾಕ್ಟರನ್ನು ಕೇಳದೆ ಹಚ್ಚಬೇಡಿ. ಮುಚ್ಚಿದ ಜಾಗದಲ್ಲಿ ಔಷಧಿ ಮೈಗೆ ಜಾಸ್ತಿ ಇಳಿಯುತ್ತದೆ. ಬಣ್ಣ ಸ್ವಲ್ಪ ತಿಳಿಯಾದ ಕೂಡಲೇ ನಿಲ್ಲಿಸದೆ, ಸವರಿದರೆ ನುಣುಪಾಗುವ ತನಕ ಹೇಳಿದ ದಿನ ಪೂರ್ತಿ ಮಾಡಿ. ಅರ್ಧಕ್ಕೆ ಬಿಡುವುದರಿಂದಲೇ ಎಷ್ಟೋ ಸಲ ವಾರಕ್ಕೇ ಮರಳಿ ಬರುವುದು.

ಹೆದರಬೇಕಾದ್ದು ಬೇರೆ ಟ್ಯೂಬಿಗೆ. ಸ್ಟೀರಾಯ್ಡ್, ಆಂಟಿಬಯಾಟಿಕ್, ಫಂಗಸ್ ಔಷಧಿ ಮೂರನ್ನೂ ಒಟ್ಟಿಗೆ ಬೆರೆಸಿದ ಕ್ರೀಮುಗಳು ನಮ್ಮ ದೇಶದಲ್ಲಿ ಚೀಟಿಯಿಲ್ಲದೆ ಸಲೀಸಾಗಿ ಸಿಕ್ಕಿಬಿಡುತ್ತವೆ. ಅವುಗಳಲ್ಲಿ ಕೆಲವೊಮ್ಮೆ ಕ್ಲೊಬೆಟಾಸಾಲ್ ಇರುತ್ತದೆ, ಸ್ಟೀರಾಯ್ಡ್‌ಗಳಲ್ಲೇ ಅತಿ ಬಲವಾದ ಗುಂಪಿನದು. ಕೂಸಿನ ಮೈಗೆ ಇದನ್ನು ವಾರಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ, ರಕ್ತಕ್ಕೆ ಸೇರಿ ಮುಖ ಊದಿಕೊಳ್ಳುತ್ತದೆ, ಬೆಳವಣಿಗೆಗೂ ಪೆಟ್ಟು ಬೀಳುತ್ತದೆ. 'ಹರ್ಬಲ್' ಎಂದು ಮಾರುವ ಕೆಲವು ಕ್ರೀಮುಗಳಲ್ಲೂ ಸ್ಟೀರಾಯ್ಡ್ ಬೆರೆಸಿರುವುದು ಪರೀಕ್ಷೆಗಳಲ್ಲಿ ಸಿಕ್ಕಿದೆ. ಹೆಸರಿಲ್ಲದ ಡಬ್ಬಿಯ ಮುಲಾಮು ಹಚ್ಚಿದ ಮರುದಿನವೇ ಎಲ್ಲ ಮಾಯವಾದರೆ ಖುಷಿಪಡುವ ಮೊದಲು ಅನುಮಾನಪಡಿ.

ಹೆಜ್ಜೆ 4: ಬಟ್ಟೆ, ಉಗುರು, ನಿದ್ದೆ

ಉಣ್ಣೆಯ ಸ್ವೆಟರ್, ಟೋಪಿ ನೇರವಾಗಿ ಮೈಗೆ ತಾಗಬಾರದು. ಒಳಗೆ ಹತ್ತಿಯ ಅಂಗಿ ಇರಲಿ. ನಾಮಕರಣದ ಜರಿ ಬಟ್ಟೆಯನ್ನು ಫೋಟೋ ಆದ ಕೂಡಲೇ ಬಿಚ್ಚಿಬಿಡಿ. ಹೊಸ ಬಟ್ಟೆಯನ್ನು ಒಗೆದೇ ಹಾಕಿ. ಒಗೆದ ಮೇಲೆ ಸೋಪಿನಪುಡಿ ಪೂರ್ತಿ ಹೋಗುವ ಹಾಗೆ ಇನ್ನೊಂದು ಸಲ ಜಾಲಿಸಿ, ಬಟ್ಟೆ ಮೆದುಮಾಡುವ ಫ್ಯಾಬ್ರಿಕ್ ಕಂಡಿಷನರ್ ಬೇಡ.

ಕೂಸಿಗೆ ಸೆಖೆಯಾದರೆ ತುರಿಕೆ ಜಾಸ್ತಿ. 'ಶೀತ ಆಗುತ್ತೆ' ಎಂದು ಕಿಟಕಿ ಮುಚ್ಚಿ, ಎರಡು ಕಂಬಳಿ ಸುತ್ತಿ ಮಲಗಿಸುವ ಮನೆಗಳಲ್ಲಿ ರಾತ್ರಿಯ ಅಳು ಎಷ್ಟೋ ಸಲ ಅದರಿಂದಲೇ. ಮಗುವಿನ ಎದೆ, ಕುತ್ತಿಗೆಯ ಹಿಂಭಾಗ ಮುಟ್ಟಿ ನೋಡಿ. ಬೆವರಿದ್ದರೆ ಒಂದು ಪದರ ತೆಗೆಯಿರಿ. ಫ್ಯಾನ್ ಹಾಕಿದರೆ ತೊಂದರೆ ಇಲ್ಲ. ಉಗುರು ವಾರಕ್ಕೆರಡು ಸಲ ಕತ್ತರಿಸಿ. ತುರಿಕೆ ಜೋರಾದಾಗ ತಣ್ಣೀರಲ್ಲಿ ಅದ್ದಿ ಹಿಂಡಿದ ಹತ್ತಿ ಬಟ್ಟೆಯನ್ನು ಐದು ನಿಮಿಷ ಇಟ್ಟು, ಮೇಲೆ ಮತ್ತೆ ಕ್ರೀಮು ಹಚ್ಚಿ. ನಿದ್ದೆ ಬರಿಸುವ ಅಲರ್ಜಿ ಸಿರಪ್ಪನ್ನು ನೀವಾಗಿ ಕೊಡಬೇಡಿ. ಅದು ಮಂಪರು ತರಿಸುತ್ತದೆ, ಎಕ್ಸಿಮಾದ ತುರಿಕೆಯನ್ನು ಹೆಚ್ಚೇನೂ ಕಡಿಮೆ ಮಾಡುವುದಿಲ್ಲ.

ಹೆಜ್ಜೆ 5: ಊಟದ ವಿಷಯ

ಹಾಲೂಡಿಸುವ ತಾಯಿ ಹೊಟ್ಟೆ ತುಂಬ ಉಣ್ಣಬೇಕು. ಸುಮ್ನೆ ಅನುಮಾನದ ಮೇಲೆ ಹಾಲು, ಮೊಟ್ಟೆ, ಬೇಳೆ ಎಲ್ಲ ಬಿಟ್ಟರೆ ಮಗುವಿನ ಚರ್ಮ ಸುಧಾರಿಸುವುದಿಲ್ಲ, ತಾಯಿ ಸೊರಗುತ್ತಾಳೆ. ಹೆಚ್ಚಿನ ಮಕ್ಕಳ ಎಕ್ಸಿಮಾಗೆ ಆಹಾರ ಕಾರಣವಲ್ಲ. ಆದರೆ ಒಂದು ಪದಾರ್ಥ ಕೊಟ್ಟ ಕೆಲವು ನಿಮಿಷದಿಂದ ಎರಡು ಗಂಟೆಯೊಳಗೆ ತುಟಿ ಊದುವುದು, ಮೈಮೇಲೆ ದದ್ದು ಏಳುವುದು, ವಾಂತಿ ಆದರೆ ಅದು ಅಲರ್ಜಿ ಇರಬಹುದು. ಆ ಪದಾರ್ಥ ನಿಲ್ಲಿಸಿ ಡಾಕ್ಟರಿಗೆ ಹೇಳಿ. ಉಸಿರಾಟಕ್ಕೆ ತೊಂದರೆ ಆದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಆರು ತಿಂಗಳಿಗೆ ಮೇಲೂಟ ಶುರು ಮಾಡುವಾಗ ಮೊಟ್ಟೆ, ಶೇಂಗಾ ಮುಂದೂಡಿದರೆ ಒಳ್ಳೆಯದು ಎಂಬುದು ಹಳೆಯ ಮಾತು. 2015ರಲ್ಲಿ ಪ್ರಕಟವಾದ ಲಂಡನ್ನಿನ ಲೀಪ್ ಅಧ್ಯಯನ ಅದನ್ನು ತಿರುವುಮುರುವು ಮಾಡಿತು. ಜೋರು ಎಕ್ಸಿಮಾ ಅಥವಾ ಮೊಟ್ಟೆ ಅಲರ್ಜಿ ಇದ್ದ 640 ಕೂಸುಗಳಲ್ಲಿ, ವರ್ಷದೊಳಗೇ ಶೇಂಗಾ ತಿನ್ನಲು ಶುರುಮಾಡಿದವರಿಗೆ ಮುಂದೆ ಶೇಂಗಾ ಅಲರ್ಜಿ ಬಹಳ ಕಡಿಮೆ ಬಂತು. ಎಕ್ಸಿಮಾ ಜೋರಾಗಿದ್ದರೆ ಮೊದಲು ಡಾಕ್ಟರನ್ನು ಕೇಳಿ. ಆಮೇಲೆ ಹುರಿದ ಶೇಂಗಾವನ್ನು ನುಣ್ಣಗೆ ಅರೆದು, ತೆಳ್ಳಗೆ ಮಾಡಿ, ರಾಗಿ ಸರಿಗೆ ಸ್ವಲ್ಪ ಬೆರೆಸಿ. ಇಡೀ ಕಾಳು ಕೊಡಲೇಬಾರದು, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ.

ಯಾವಾಗ ಓಡಬೇಕು

ಗಾಯದಿಂದ ನೀರು ಒಸರಿ, ಜೇನಿನ ಬಣ್ಣದ ಹಕ್ಕಳೆ ಕಟ್ಟಿದರೆ, ಸುತ್ತ ಊತ, ಕೀವು ಕಂಡರೆ ಸೋಂಕು ಆಗಿದೆ. ಅದೇ ದಿನ ತೋರಿಸಿ. ಇದ್ದಕ್ಕಿದ್ದಂತೆ ಒಂದೇ ಅಳತೆಯ ಪುಟ್ಟ ನೀರುಗುಳ್ಳೆಗಳು ಗುಂಪಾಗಿ ಎದ್ದು, ಒಡೆದು ಗುಂಡಗೆ ಕೊರೆದಂತೆ ಕಾಣುತ್ತಿದ್ದರೆ, ಜತೆಗೆ ಜ್ವರ, ಮಂಕು ಇದ್ದರೆ ಬೆಳಗಾಗುವ ತನಕವೂ ಕಾಯಬೇಡಿ. ಇದು ಹರ್ಪಿಸ್ ವೈರಸ್ಸು ಎಕ್ಸಿಮಾ ಮೇಲೆ ಹರಡಿರುವ ಲಕ್ಷಣ, ಕೂಸಿಗೆ ಅಪಾಯ. ತುಟಿಯ ಮೇಲೆ ಜ್ವರದ ಗುಳ್ಳೆ ಎದ್ದಿರುವವರು, ಅವರು ಎಷ್ಟೇ ಹತ್ತಿರದ ನೆಂಟರಾಗಲಿ, ಮಗುವಿಗೆ ಮುತ್ತು ಕೊಡಬಾರದು. ಇದನ್ನು ಬಾಯಿಬಿಟ್ಟೇ ಹೇಳಿ.

ಲಸಿಕೆಗಳನ್ನು ಎಕ್ಸಿಮಾ ಇದೆ ಎಂದು ತಪ್ಪಿಸಬೇಡಿ, ಹೇಳಿದ ದಿನಕ್ಕೆ ಹಾಕಿಸಿ. ಗುಳ್ಳೆ ವಾಸಿಯಾದ ಜಾಗದಲ್ಲಿ ತಿಳಿ ಬಣ್ಣದ ಮಚ್ಚೆ ಉಳಿದರೆ 'ತೊನ್ನು' ಎಂದು ಗಾಬರಿಯಾಗುವವರು ಬಹಳ. ತೊನ್ನು ಹಾಲಿನಂತೆ ಅಚ್ಚ ಬಿಳಿ, ಅಂಚು ಸ್ಪಷ್ಟ. ಇದು ಬರೀ ಮಾಸಲು, ಅಂಚು ಅಸ್ಪಷ್ಟ, ಕೆಲವು ತಿಂಗಳಲ್ಲಿ ತಾನಾಗಿ ಬಣ್ಣ ತುಂಬಿಕೊಳ್ಳುತ್ತದೆ. ಅದಕ್ಕೆಂದು ಸ್ಟೀರಾಯ್ಡ್ ಮುಂದುವರಿಸಬೇಡಿ.

ಡಾಕ್ಟರ ಹತ್ತಿರ ಹೋಗುವಾಗ ಇಲ್ಲಿಯವರೆಗೆ ಹಚ್ಚಿದ ಎಲ್ಲ ಟ್ಯೂಬು, ಡಬ್ಬಿ, ಎಣ್ಣೆ ಬಾಟಲಿಗಳನ್ನು ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ, ಖಾಲಿಯಾದದ್ದನ್ನೂ. ಜೋರಾಗಿದ್ದ ದಿನದ ಫೋಟೋವನ್ನು ಹಗಲು ಬೆಳಕಿನಲ್ಲಿ ತೆಗೆದಿಟ್ಟುಕೊಂಡಿರಿ, ಏಕೆಂದರೆ ಡಾಕ್ಟರು ನೋಡುವ ದಿನವೇ ಚರ್ಮ ಚೆನ್ನಾಗಿರುವುದು ಮಾಮೂಲಿ. ಮೂರು ಪ್ರಶ್ನೆ ಬರೆದುಕೊಂಡು ಹೋಗಿ: ಯಾವ ಕ್ರೀಮು ಮುಖಕ್ಕೆ, ಯಾವುದು ಮೈಗೆ? ಎಷ್ಟು ದಿನ? ಮತ್ತೆ ಎದ್ದರೆ ಅದನ್ನೇ ಮನೆಯಲ್ಲಿ ಶುರು ಮಾಡಬಹುದಾ? ಉತ್ತರವನ್ನು ಟ್ಯೂಬಿನ ಮೇಲೆಯೇ ಪೆನ್ನಿನಲ್ಲಿ ಬರೆದುಬಿಡಿ, 'ಮುಖಕ್ಕೆ', 'ಕಾಲಿಗೆ' ಎಂದು. ನೀವಿಲ್ಲದಾಗ ಮಗುವನ್ನು ನೋಡಿಕೊಳ್ಳುವವರಿಗೂ ಗೊಂದಲವಾಗುವುದಿಲ್ಲ.